ಅತ್ತೆಯ ಮನೆ: ಮೊದಲು ಮತ್ತು ನಂತರ

ನಮ್ಮ ಬೀದಿಗೆ ಸರ್ಕಾರದ ಅನುದಾನ ಎರಡು ಬಗೆಯಲ್ಲಿ ಬರುತ್ತದೆ. ಒಂದು ರಸ್ತೆಗೆ, ಇನ್ನೊಂದು ಮನೆಗೆ. ರಸ್ತೆಯದು ಬೇಡವೆಂದರೂ ಬರುತ್ತದೆ. ಮನೆಯದು ಕಾಲು ಹಿಡಿದರೂ ಬರುವುದಿಲ್ಲ. ಇದನ್ನು ನಾನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಕೊಡಿಗೇಹಳ್ಳಿಯ ಹಳೇ ಊರಿನ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿಯಿದೆ. ಜೆರಾಕ್ಸ್ ಎಂಬುದು ಬೋರ್ಡಿಗೆ ಮಾತ್ರ, ಅನ್ನ ಹಾಕುವುದು ಅರ್ಜಿ ತುಂಬುವ ಕೆಲಸ. ಪಿಂಚಣಿ, ರೇಷನ್ ಕಾರ್ಡು, ಖಾತೆ, ಮನೆ, ಏನೇ ಇರಲಿ, ಈ ಬೀದಿಯವರು ಸರ್ಕಾರವನ್ನು ಕೇಳಿದ್ದೆಲ್ಲ ನನ್ನ ಕೀಬೋರ್ಡಿನಿಂದಲೇ ಹೋಗಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಲ ‘ಸರ್ವರ್ ಡೌನ್’ ಎಂದು ಓದುವವನಿಗೆ ಕೋಪ ಮತ್ತೆಲ್ಲಿರಬೇಕು?

ಅಂಗಡಿಯಿಂದ ನಾಲ್ಕು ಮನೆ ದಾಟಿದರೆ ನನ್ನ ಸೋದರತ್ತೆಯ ಮನೆ. ಅಪ್ಪನ ತಂಗಿ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಹೂವು ಕಟ್ಟಿ ಕೆಂಪಾಪುರದ ಕಡೆಯ ಒಂದಿಪ್ಪತ್ತು ಮನೆಗಳಿಗೆ ದಿನವೂ ವರ್ತನೆಗೆ ಹಾಕಿ ಬರುತ್ತಾಳೆ. ಅವಳದು ಮಣ್ಣಿನ ಗೋಡೆ, ಸಿಮೆಂಟ್ ಶೀಟಿನ ಮನೆ. ನಾನು ಚಿಕ್ಕವನಿದ್ದಾಗ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆ. ಆಮೇಲಾಮೇಲೆ ಎರಡು ಮೆಟ್ಟಿಲು ಇಳಿದು ಹೋಗಬೇಕಾಯಿತು. ಮನೆ ಕುಸಿದಿರಲಿಲ್ಲ, ಇದ್ದಲ್ಲೇ ಇತ್ತು. ರಸ್ತೆಗೆ ಅನುದಾನ ಬಂದಾಗಲೆಲ್ಲ ಹಳೇ ರಸ್ತೆಯ ಮೇಲೆಯೇ ಹೊಸದನ್ನು ಸುರಿದು ಹೋದರು. ಹಳೆಯದನ್ನು ಕಿತ್ತು ಹಾಕಿ ಸ್ವಾಮಿ ಅಂದರೆ, ಎಸ್ಟಿಮೇಟಿನಲ್ಲಿ ಹಾಕುವುದಿದೆ, ಕೀಳುವುದಿಲ್ಲ ಎಂದರು. ಹೀಗೆ ರಸ್ತೆ ಉದ್ಧಾರವಾಗುತ್ತ ಹೋಯಿತು, ಅತ್ತೆಯ ಹೊಸಿಲಿಗೆ ನೀರು ನುಗ್ಗತೊಡಗಿತು.

ಮೇಲಿನ ಕಥೆಯೂ ಅಷ್ಟೇ. ಶೀಟು ಮೂರು ಕಡೆ ಸೀಳಿತ್ತು. ಮಳೆ ಬಂದರೆ ಒಂದು ಬಕೆಟ್ಟು, ಒಂದು ಕೊಳದಪ್ಪಲೆ, ಒಂದು ಬೇಸಿನ್ನು, ಮೂರಕ್ಕೂ ಗೊತ್ತಾದ ಜಾಗವಿತ್ತು. ರಸ್ತೆಯ ಗುದ್ದಲಿಪೂಜೆಗೆ ಕಟ್ಟುತ್ತಿದ್ದ ಫ್ಲೆಕ್ಸುಗಳನ್ನು ಅತ್ತೆ ಮಾರನೇ ದಿನವೇ ಬಿಚ್ಚಿಸಿ ತಂದು ಶೀಟಿನ ಕೆಳಗೆ ಕಟ್ಟಿಸಿಕೊಳ್ಳುತ್ತಿದ್ದಳು. ಚಿತ್ರದ ಮಗ್ಗುಲು ಮೇಲಕ್ಕೆ, ಬಿಳಿ ಮಗ್ಗುಲು ಕೆಳಕ್ಕೆ. ಹಾಗಾಗಿ ನಮ್ಮ ಕಡೆಯ ಹಿಂದಿನ, ಇಂದಿನ ಮತ್ತು ಮುಂದೆ ಆಗಬೇಕೆಂದಿರುವ ಮುಖಂಡರೆಲ್ಲ ಕೈ ಮುಗಿದುಕೊಂಡು ಅತ್ತೆಯ ಮನೆಯ ಮಳೆಯನ್ನು ಮುಖದ ಮೇಲೆ ತಡೆಯುತ್ತಿದ್ದರು.

“ಅವ್ರಿಂದ ನಂಗಾಗಿರೋ ಉಪ್ಕಾರ ಇದೊಂದೇಯ,” ಎನ್ನುತ್ತಿದ್ದಳು ಅತ್ತೆ.

ಸ್ವಂತ ಜಾಗವಿದ್ದೂ ನೆಟ್ಟಗಿನ ಮನೆಯಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಅನುದಾನವಿದೆ. ಅದಕ್ಕೆ ಅತ್ತೆಯ ಹೆಸರಿನಲ್ಲಿ ಮೂರು ಸಲ ಅರ್ಜಿ ಹಾಕಿದೆ. ಮೊದಲ ಸಲ ಆದಾಯದ ಪತ್ರ ಹಳೆಯದಾಯಿತು ಎಂದರು. ಎರಡನೇ ಸಲ ಆಧಾರಿನ ಹೆಬ್ಬೆರಳಿನ ಗುರುತು ತಾಳೆಯಾಗಲಿಲ್ಲ. ದಾರ ಎಳೆದೂ ಎಳೆದೂ ಅವಳ ಬೆರಳಿನ ಗೆರೆಗಳೇ ಸವೆದಿದ್ದವು. ಮೂರನೇ ಸಲದ್ದು ಹೇಗೋ ದಾಟಿತು. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಸ್ಥಳ ಪರಿಶೀಲನೆ ಎಂದು ಮೆಸೇಜು ಬಂತು. ಅತ್ತೆಗೆ ಇದ್ದದ್ದು ಒಂದೇ ಆಸೆ, ತಲೆಯ ಮೇಲೊಂದು ತಾರಸಿ. “ಮಳೆ ಬಂದಾಗ ಎದ್ ಎದ್ ಓಡಾಡ್ದಂಗೆ ಒಂದ್ಕಡೆ ಕುಂತು ಹೂ ಕಟ್ಬೇಕು ಕಣ್ಲಾ, ಅಷ್ಟೇಯ,” ಎಂದು ನನಗೆ ಎಷ್ಟೋ ಸಲ ಹೇಳಿದ್ದಳು.

ನಾನು ಅಂಗಡಿ ಬಿಟ್ಟು ಓಡಿಹೋಗಿ ಸುದ್ದಿ ಮುಟ್ಟಿಸಿದೆ. “ಅತ್ತೆ, ಗುರುವಾರ ಇಂಜಿನಿಯರ್ ಬರ್ತಾರೆ, ಮನೆ ನೋಡಕ್ಕೆ.”

“ಮನೆ ನೋಡಾಕಾ? ಅಯ್ಯೋ ಸಿವ್ನೆ, ಸುಣ್ಣ ಒಡ್ದು ಎಷ್ಟ್ ವರ್ಸ ಆತು!”

ಇಲ್ಲಿಂದ ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ನಮ್ಮ ಜನರಲ್ಲಿ ಮನೆ ನೋಡಲು ಬರುವುದು ಎಂದರೆ ಹೆಣ್ಣು ಕೊಡುವವರು ಬರುವುದು. ಆಗ ಏನೇನು ಮಾಡುತ್ತಾರೋ ಅದನ್ನೇ ನಾವೂ ಮಾಡಿದೆವು. ಸುಣ್ಣ ತಂದುಕೊಟ್ಟವನು ನಾನು. ಅದಕ್ಕೆ ಒಂದು ಚೂರು ನೀಲಿ ಬೆರೆಸಿದರೆ ಮಿಂಚುತ್ತದೆ ಎಂದು ಬುದ್ಧಿ ಹೇಳಿದವನೂ ನಾನೇ. ಪಕ್ಕದ ಮನೆಯಲ್ಲಿರುವ ಖಾಲಾ, ಅತ್ತೆಯ ವಾರಗೆಯವರು, ಗೋಡೆಯ ಮೇಲಿಂದ ಇಣುಕಿ ನೋಡಿ ಗದರಿದರು.

“ಅರೇ ಅಕ್ಕಾ, ಸಾಬ್ ಬರ್ತಾರೆ ಅಂತೀರಿ, ಪ್ಲಾಸ್ಟಿಕ್ ಚೇರ್ ಮೇಲೆ ಕೂರ್ಸ್ತೀರಾ? ಹಮಾರಾ ಸೋಫಾ ಲೇಕೊ ಜಾವ್!”

ಅದು ಅವರ ಮಗನ ಮದುವೆಗೆ ತಂದ ಸೋಫಾ. ವರ್ಷಗಳಾದರೂ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಅತ್ತೆಯ ಬಾಗಿಲಲ್ಲಿ ಹಿಡಿಸದೆ, ಅದರ ಕಾಲು ಬಿಚ್ಚಿ ಓರೆ ಮಾಡಿ, ನಾನೂ ಖಾಲಾ ಮಗನೂ ಬೆವರು ಸುರಿಸಿ ಒಳಗಿಳಿಸಿದೆವು. ಸೋಫಾದ ಹಿಂದೆ ಮಣಿಯ ಅಂಚಿನ ಪರದೆ ಬಂತು, ಪರದೆಯ ಹಿಂದೆ ಗುಲಾಬಿ ಚಿತ್ರದ ಕಪ್ಪು ಸಾಸರು ಬಂತು. ಚಾವಣಿಯ ಹಳೇ ಫ್ಲೆಕ್ಸು ಮಾತ್ರ ಕಂದಿ ಕಲೆಗಟ್ಟಿ ಅಸಹ್ಯವಾಗಿ ಕಾಣುತ್ತಿತ್ತು. ಯಾರೋ ಹುಟ್ಟುಹಬ್ಬಕ್ಕೆಂದು ಮಾಡಿಸಿ ಒಯ್ಯದೆ ಬಿಟ್ಟಿದ್ದ ಹೊಸ ಫ್ಲೆಕ್ಸೊಂದು ನನ್ನ ಅಂಗಡಿಯಲ್ಲಿತ್ತು. ಅದನ್ನು ತಂದು ಬಿಗಿಯಾಗಿ ಎಳೆದು ಕಟ್ಟಿ, ಅಂಚಿಗೆ ಚಿನ್ನದ ಬಣ್ಣದ ಟೇಪು ಹಚ್ಚಿದೆ. ಕೆಳಗೆ ನಿಂತು ನೋಡಿದರೆ ಥೇಟ್ ಪಿಒಪಿ ಸೀಲಿಂಗ್ ಮಾಡಿಸಿದ ಹಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗುರುವಾರ ಇಂಜಿನಿಯರು ಹೇಳಿದ ಹೊತ್ತಿಗೇ ಬಂದರು. ಮೂವತ್ತು ದಾಟಿರದ ವಯಸ್ಸು, ಕೈಯಲ್ಲಿ ಹೆಲ್ಮೆಟ್ಟು, ತುಂಬಾ ಸಂಭಾವಿತ. ಬಾಗಿಲಲ್ಲಿ ರಂಗೋಲಿ. ಅತ್ತೆ ರೇಷ್ಮೆ ಸೀರೆಯಲ್ಲಿ. ಅವರನ್ನು ಸೋಫಾದ ಮೇಲೆ ಕೂರಿಸಿ ಶಾವಿಗೆ ಪಾಯಸ ಕೊಟ್ಟೆವು. ಅವರು ಸುತ್ತ ನೋಡಿದರು.

“ಅಮ್ಮಾ, ಮನೆ ತುಂಬಾ ಚೆನ್ನಾಗಿಟ್ಕೊಂಡಿದೀರ.”

“ನಮ್ಮನೆ ಯಾವಾಗ್ಲೂ ಇಂಗೇಯ ಸಾ.”

“ಮಳೆಗಿಳೆ ಬಂದ್ರೆ ಸೋರತ್ತಾ?”

“ಇಲ್ಲ ಬುಡಿ ಸಾ, ಅಂತಾದ್ದೇನಿಲ್ಲ.”

ಬಂದ ನೆಂಟರ ಮುಂದೆ ಮನೆಯ ಹುಳುಕು ಹೇಳಿಕೊಳ್ಳುವುದು ಅವಳ ಜಾಯಮಾನದಲ್ಲೇ ಇಲ್ಲ. ಆದರೆ ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ, ಮೂರು ಸಲ ಅರ್ಜಿ ತುಂಬಿದ ಮೇಧಾವಿ! ನನ್ನ ಕೈಯಲ್ಲೂ ಪಾಯಸದ ಲೋಟವಿತ್ತು. ಅವರು ಚಾವಣಿಯನ್ನು ಮೆಚ್ಚಿ ನೋಡುತ್ತಿದ್ದಾರಲ್ಲ ಎಂಬ ಹಿಗ್ಗಿನಲ್ಲಿ ನಾನು ಬಾಯಿ ಬಿಡಲಿಲ್ಲ. ಅವರು ಮೊಬೈಲು ತೆಗೆದು ಫೋಟೋ ಹಿಡಿದರು: ನಡುವೆ ರೇಷ್ಮೆ ಸೀರೆಯ ಅತ್ತೆ, ಹಿಂದೆ ಸೋಫಾ, ಪರದೆ, ಮೇಲೆ ನನ್ನ ಪಿಒಪಿ.

“ಒಳ್ಳೇ ಮನ್ಸ. ಎಲ್ಡ್ ಸಲ ಪಾಯ್ಸ ಆಕುಸ್ಕೊಂಡ,” ಎಂದಳು ಅತ್ತೆ, ಅವರು ಹೋದ ಮೇಲೆ.

ವರದಿಯನ್ನು ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ಓದಿದೆ. ‘ವಾಸಕ್ಕೆ ಯೋಗ್ಯವಾದ ಮನೆ. ಉತ್ತಮ ಛಾವಣಿ. ಪೀಠೋಪಕರಣಗಳಿವೆ. ಸೋರಿಕೆ ಇಲ್ಲವೆಂದು ಅರ್ಜಿದಾರರೇ ತಿಳಿಸಿರುತ್ತಾರೆ. ಅರ್ಜಿಯನ್ನು ತಿರಸ್ಕರಿಸಬಹುದು.’ ಮೂರು ಸಲ ಓದಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಬಂದದ್ದು ‘ಉತ್ತಮ ಛಾವಣಿ’ ಎಂಬಲ್ಲಿ. ಶಟರ್ ಎಳೆದು ನೇರ ಕಚೇರಿಗೆ ಹೋಗಿ ಇಂಜಿನಿಯರ ಮೇಜಿನ ಮುಂದೆ ನಿಂತು ಕೂಗಾಡಿದೆ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು.

“ಸರ್, ನಾನ್ ಕಣ್ಣಲ್ಲಿ ನೋಡಿದ್ದನ್ನ ಬರ್ದಿದೀನಿ. ಅಂಥ ಸೋಫಾ ನಮ್ಮನೇಲೂ ಇಲ್ಲ.”

“ಅದು ಪಕ್ಕದ್ ಮನೇದು ಕಣ್ರೀ!”

“ಕರ್ಟನ್ನು?”

“ಅದೂ ಅವರದೇ.”

“ಸೀಲಿಂಗು?”

ಆ ಫೋಟೋನಾದರೂ ಅಳಿಸಿಬಿಡಿ ಎಂದು ದನಿ ತಗ್ಗಿಸಿ ಕೇಳಿಕೊಂಡೆ. ಆಗುವುದಿಲ್ಲವಂತೆ. ‘ಮೊದಲು’ ಎನ್ನುವ ಕಾಲಮ್ಮಿಗೆ ಒಂದು ಸಲ ಫೋಟೋ ಹೋದರೆ ಲಾಕ್. ಮುಂದೆ ಮನೆಯೇನಾದರೂ ಮಂಜೂರಾಗಿ ಕಟ್ಟಿ ಮುಗಿದರೆ, ‘ನಂತರ’ ಎನ್ನುವ ಕಾಲಮ್ಮಿಗೆ ಇನ್ನೊಂದು ಹೋಗುತ್ತದೆ. ಅವೆರಡನ್ನು ಯಾರೂ ಮುಟ್ಟುವ ಹಾಗಿಲ್ಲ. “ಬೇಕಾದ್ರೆ ಮರುಪರಿಶೀಲನೆಗೆ ಒಂದು ಅರ್ಜಿ ಕೊಡಿ ಸರ್, ಮತ್ತೆ ಬಂದು ನೋಡ್ತೀನಿ,” ಎಂದರು. ಅಲ್ಲೇ ಕೂತು ಬರೆದುಕೊಟ್ಟೆ.

ಅತ್ತೆಗೆ ಹೇಳುವುದು ಕಷ್ಟವಾಯಿತು. ಅವಳು ಹೂವು ಕಟ್ಟುತ್ತಿದ್ದ ಕೈ ನಿಲ್ಲಿಸಿ, “ಅಂಗಾರೆ ಮನೆ ಬರಾಕಿಲ್ವಾ?” ಎಂದಳು. ಬಂದೇ ಬರತ್ತೆ, ಆದ್ರೆ ಈ ಸಲ ನಾನ್ ಹೇಳ್ದಂಗೆ ಕೇಳ್ಬೇಕು ಎಂದು ನಾನು ಶುರು ಮಾಡಿದೆ. ಸೋಫಾ, ಪರದೆ ಇವತ್ತೇ ವಾಪಸ್ಸು. ಅವರು ಬರುವ ತನಕ ಕಸ ಗುಡಿಸಬಾರದು. ಪಾತ್ರೆ ತೊಳೆಯದೆ ಹೊರಗೇ ಬಿಡಬೇಕು. ರಂಗೋಲಿ, ಪಾಯಸ ಎರಡೂ ಬಂದ್.

“ಕಸ ಗುಡುಸ್ದೆ ಇರೋ ಮನೇಗೆ ಜನ ಬರೋದೇನ್ಲಾ?”

“ಕಸ ಇದ್ರೇನೇ ಅತ್ತೆ ಜನ ದುಡ್ಡು ಕೊಡೋದು!”

ಸುಣ್ಣ ಬಳಿದ ಗೋಡೆಯದೇ ನನಗೆ ಚಿಂತೆಯಾಗಿತ್ತು. ಒಲೆಯ ಹತ್ತಿರ ಹೋಗಿ ಒಂದು ಹಳೇ ಬಟ್ಟೆಗೆ ಮಸಿ ಬಳಿದುಕೊಂಡು ಗೋಡೆಯ ಕಡೆ ನಡೆದೆ. ಅತ್ತೆ ಎದ್ದು ಬಂದು ಗೋಡೆಗೆ ಅಡ್ಡ ನಿಂತಳು. ಬಟ್ಟೆ ಕಿತ್ತುಕೊಂಡಳು. ಅವಳ ಕೈಯೆಲ್ಲ ಮಸಿಯಾಯಿತು.

“ಬಡವಿ ಅಂತ ಬೇಕಾರೆ ಬರ್ಕೊಳ್ಲಿ. ಒಲಸು ಅಂತ ಬರ್ಕೋಬಾರ್ದು.”

“ಹಾಗಾದ್ರೆ ಸಾಯೋತನ್ಕ ಬಕೆಟ್ ಇಟ್ಕೊಂಡ್ ಕೂತ್ಕೋ!” ಎಂದು ಕಿರುಚಿದೆ. ಅತ್ತೆ ಕೈ ತೊಳೆಯಲು ಹೋದಳು. ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ತಪ್ಪಾಯಿತು ಎಂದು ಹೇಳುವ ಅಭ್ಯಾಸ ನನಗಿಲ್ಲ. ಅಂಗಡಿಗೆ ಬಂದು, ಆ ದಿನ ಬಂದವರ ಮೇಲೆಲ್ಲ ರೇಗಿ ಸಂಜೆ ಮಾಡಿದೆ.

ಸೋಫಾ ವಾಪಸ್ಸು ಹೋಯಿತು. ಮರುಪರಿಶೀಲನೆಯ ದಿನಾಂಕ ಮಾತ್ರ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಅಷ್ಟರಲ್ಲಿ ಬಂತಲ್ಲ, ರಸ್ತೆಗೆ ಇನ್ನೊಂದು ಅನುದಾನ! ಒಂದು ಮಧ್ಯಾಹ್ನ ನೋಡಿದರೆ ಅದೇ ಇಂಜಿನಿಯರು ನಮ್ಮ ಬೀದಿಯಲ್ಲಿ ಟೇಪು ಹಿಡಿದು ನಿಂತಿದ್ದಾರೆ. ಮನೆಗೂ ರಸ್ತೆಗೂ ಅವರೊಬ್ಬರೇ ಅಂತೆ. ಇನ್ನೊಂದು ತುದಿ ಹಿಡಿಯುವವರು ರಜವಂತೆ, ನನ್ನನ್ನು ಕರೆದರು. ಹಿಡಿದೆ.

“ಇನ್ನೂ ಎಷ್ಟು ಎತ್ತರಿಸ್ತೀರಿ?”

“ಆರಿಂಚು ಕಾಂಕ್ರೀಟು ಸರ್. ಹಳೇದ್ರ ಮೇಲೆ.”

“ಕೀಳಲ್ವಾ?”

“ಎಸ್ಟಿಮೇಟಲ್ಲಿ ಇಲ್ಲ ಸರ್.”

ನಾನು ಬಾಯಿಗೆ ಬಂದದ್ದನ್ನು ಹೇಳುವುದರೊಳಗೆ ಹೆಬ್ಬಾಳದ ಕಡೆಯಿಂದ ಮಳೆ ಒಂದೇ ಸಮನೆ ಬಂದು ಬಿತ್ತು. ನಾನು ಮಿಷನ್ನಿಗೆ ಹೊದಿಸಲು ಅಂಗಡಿಗೆ ಓಡಿದೆ. ಇಂಜಿನಿಯರು ಹತ್ತಿರ ಕಂಡ ಬಾಗಿಲಿಗೆ ನುಗ್ಗಿದರು. ಅದು ಅತ್ತೆಯ ಬಾಗಿಲು. ಅದು ಗೊತ್ತಾಗಿ ನಾನು ನೆನೆಯುತ್ತಲೇ ಅಲ್ಲಿಗೆ ಓಡಿದೆ.

ರಸ್ತೆಯ ನೀರು ಎರಡು ಮೆಟ್ಟಿಲು ಇಳಿದು ಒಳಗೆ ಬರುತ್ತಿತ್ತು. ಇಂಜಿನಿಯರು ಸ್ಟೂಲಿನ ಮೇಲೆ ಕಾಲೆತ್ತಿಕೊಂಡು ಕೂತಿದ್ದರು. ನಾನು ಬಿಗಿದು ಕಟ್ಟಿದ್ದ ಪಿಒಪಿ ತುಂಬು ಬಸುರಿಯ ಹೊಟ್ಟೆಯ ಹಾಗೆ ಇಳಿಬಿದ್ದಿತ್ತು. ಅತ್ತೆ ಪೊರಕೆಯ ಹಿಡಿಯಿಂದ ಅದನ್ನು ಹುಷಾರಾಗಿ ಎತ್ತಿ ಒಂದು ಮೂಲೆಗೆ ನೀರು ಹರಿಸಿ ಬಕೆಟ್ಟಿಗೆ ಇಳಿಸಿದಳು. ಎಷ್ಟು ವರ್ಷದ ಕೈಚಳಕವೋ, ಒಂದು ಹನಿ ಆಚೆ ಬೀಳಲಿಲ್ಲ. ಇಳಿಸಿದವಳೇ ಆ ಬಕೆಟ್ಟು, ಕೊಳದಪ್ಪಲೆ, ಬೇಸಿನ್ನುಗಳ ಮೇಲೆ ಒಗೆದಿಟ್ಟಿದ್ದ ದುಪ್ಪಟಿ ಹೊದಿಸಿ ಮುಚ್ಚಿದಳು. ದುಪ್ಪಟಿಯ ಮೇಲೆ ಟಪ ಟಪ ಬೀಳತೊಡಗಿತು.

“ಇವತ್ತೊಂದಿನ ಇಂಗಾಗೈತೆ ಸಾ. ದಿನಾ ಇಂಗಿರಲ್ಲ.”

“ಅತ್ತೇ! ದಿನಾ ಇರತ್ತೆ ಅನ್ನು!”

“ನೀ ಸುಮ್ಕಿರ್ಲಾ, ಮನೇಗ್ ಬಂದೋರ ಮುಂದೆ.”

ಇಂಜಿನಿಯರು ಮೊಬೈಲು ತೆಗೆದರು. “ಅಮ್ಮಾ, ಆ ದುಪ್ಪಟಿ ಸ್ವಲ್ಪ ತೆಗೀರಿ. ಫೋಟೋ ತಗೋಬೇಕು.”

“ಬಕೀಟ್ ಪೋಟ ಯಾಕ್ ಸಾ? ತಾಳಿ, ಸೀರೆ ಉಟ್ಕೊಂಡ್ ಬತ್ತೀನಿ.”

ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಂತಿತು. ದುಪ್ಪಟಿಯನ್ನು ತಾವೇ ಸರಿಸಿ, ಮರುಪರಿಶೀಲನೆಯ ವರದಿಗೆಂದು ಫೋಟೋ ಹಿಡಿದರು. ರಸ್ತೆ ಅಳೆಯಲು ತಂದಿದ್ದ ಟೇಪಿನಿಂದಲೇ ಮನೆ ರಸ್ತೆಗಿಂತ ಎಷ್ಟು ಕೆಳಗಿದೆ ಎಂದು ಅಳೆದರು. ಆಗಲೂ ಇನ್ನೊಂದು ತುದಿ ಹಿಡಿದವನು ನಾನೇ, ಆದರೆ ಈ ಸಲ ಸಿಡುಕಲಿಲ್ಲ. ಮಳೆ ನೀರು ನುಗ್ಗುತ್ತದೆ, ಚಾವಣಿ ಸೋರುತ್ತದೆ ಎಂದು ಬರೆದುಕೊಂಡರು. ಅತ್ತೆ ಬೆಲ್ಲದ ಕಾಫಿ ಕುಡಿಸದೆ ಅವರನ್ನು ಹೊರಗೆ ಬಿಡಲಿಲ್ಲ.

ಮಂಜೂರಾಯಿತು. ಹಳೇ ಮನೆ ಕೆಡವಿದರು. ಕಟ್ಟುವಷ್ಟು ದಿನವೂ ಅತ್ತೆ ಖಾಲಾ ಮನೆಯ ಮುಂದಿನ ಕೋಣೆಯಲ್ಲಿ, ಅದೇ ಸೋಫಾದ ಮೇಲೆ ಮಲಗಿದಳು. ಅಕ್ಕನಿಗೆ ಬೆವರುತ್ತದೆ ಎಂದು ಖಾಲಾ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಕೊನೆಗೂ ಕಿತ್ತು ಹಾಕಿದರು. ತಳಪಾಯ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಅತ್ತೆಗೂ ಮೇಸ್ತ್ರಿಗೂ ಜಗಳವಾಯಿತು. ಮೇಸ್ತ್ರಿ ರಸ್ತೆಯಿಂದ ಎರಡಡಿ ಸಾಕು ಎಂದ, ಅತ್ತೆ ನಾಲ್ಕು ಎಂದಳು. “ಇನ್ನೂ ಎಷ್ಟ್ ರೋಡ್ ಬತ್ತವೋ ಯಾರಿಗ್ ಗೊತ್ತು?” ಎಂದು ಅವಳು ಕೇಳಿದ ಮೇಲೆ ಮೇಸ್ತ್ರಿ ನಾಲ್ಕಡಿಗೇ ದಾರ ಕಟ್ಟಿದ. ಎತ್ತರದ ತಳಪಾಯವೂ ತಾರಸಿಯೂ ಸೇರಿ ಅನುದಾನವನ್ನೆಲ್ಲ ನುಂಗಿದವು. ಗಾರೆಗೆ, ಬಣ್ಣಕ್ಕೆ ಏನೂ ಉಳಿಯಲಿಲ್ಲ. ಗೋಡೆಗಳು ಬರೀ ಸಿಮೆಂಟ್ ಬ್ಲಾಕಿನಲ್ಲೇ ನಿಂತವು.

‘ನಂತರ’ದ ಫೋಟೋಗೆ ಇಂಜಿನಿಯರು ಹೇಳದೆ ಕೇಳದೆ ಬಂದರು. ಅತ್ತೆ ತಲೆಗೆ ಟವೆಲ್ ಸುತ್ತಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಾರಸಿಗೆ ನೀರು ಹಾಕಿ ಇಳಿಯುತ್ತಿದ್ದಳು. ಸೀರೆ ಬದಲಾಯಿಸುತ್ತೇನೆ ಎಂದಳು. “ಟೈಮಿಲ್ಲಮ್ಮ, ಇವತ್ತೇ ಲಾಸ್ಟ್ ಡೇಟು,” ಎಂದು ಅವರು ಕ್ಲಿಕ್ಕಿಸಿಯೇಬಿಟ್ಟರು.

ಅದಾದ ಕೆಲವೇ ವಾರಕ್ಕೆ ಆರಿಂಚು ಕಾಂಕ್ರೀಟಿನ ಗುದ್ದಲಿಪೂಜೆ. ಬೀದಿಯ ತುದಿಯಲ್ಲಿ ದೊಡ್ಡದೊಂದು ಫ್ಲೆಕ್ಸು ಕಟ್ಟಿದ್ದರು. ಈ ಸಲ ಮುಖಂಡರ ಮುಖಗಳು ಬೇರೆ ಫ್ಲೆಕ್ಸಿಗೆ ಹೋಗಿದ್ದವು. ಇದರಲ್ಲಿ ಇದ್ದದ್ದು ಅತ್ತೆ, ಎರಡು ಸಲ. ಎಡಕ್ಕೆ ‘ಮೊದಲು’: ಸುಣ್ಣ ಬಳಿದ ಗೋಡೆ, ಸೋಫಾ, ಮಣಿಯ ಪರದೆ, ಚಿನ್ನದ ಅಂಚಿನ ಚಾವಣಿ, ರೇಷ್ಮೆ ಸೀರೆಯಲ್ಲಿ ನಗುತ್ತಿರುವ ಹೆಂಗಸು. ಬಲಕ್ಕೆ ‘ನಂತರ’: ಗಾರೆ ಕಾಣದ ಬ್ಲಾಕಿನ ಗೋಡೆ, ಅದರ ಮುಂದೆ ಟವೆಲ್ ಸುತ್ತಿ ಒದ್ದೆಯಾಗಿ ನಿಂತು ಕಣ್ಣು ಕಿರಿದು ಮಾಡಿದ ಅದೇ ಹೆಂಗಸು. ತಲೆಬರಹ: ‘ಬದಲಾಯಿತು ಬಡವರ ಬದುಕು.’

ನನ್ನ ಪಕ್ಕ ನಿಂತಿದ್ದ ಇಬ್ಬರು ಹುಡುಗರು ಅದನ್ನೇ ನೋಡುತ್ತಿದ್ದರು. “ಏನ್ ಗುರು ಇದು? ಇಷ್ಟ್ ಚೆನ್ನಾಗಿರೋ ಮನೆ ಕೆಡವಿ ಇಂಥದ್ ಕಟ್ಟಿದಾರಲ್ಲ!”

ನನ್ನ ತಲೆ ಕಾದ ಹಂಚಾಯಿತು. ಜನರ ನಡುವೆ ತೂರಿ ಇಂಜಿನಿಯರನ್ನು ಹಿಡಿದೆ. “ಏನ್ರೀ ಇದು?” ಎಂದೆ. ಅವರು ಕಣ್ಣು ತಪ್ಪಿಸಿ, “ಲಾಕ್ ಸರ್,” ಎಂದರು. ಅತ್ತೆ ಪೂಜೆಗೆ ಹಾರ ತಂದುಕೊಟ್ಟು ಫ್ಲೆಕ್ಸಿನ ಕೆಳಗೆ ಬಂದು ನಿಂತಿದ್ದಳು. ತಲೆಯೆತ್ತಿ ಎರಡೂ ಚಿತ್ರ ನೋಡಿದಳು. ಅವಳಿಗೆ ಅವಮಾನವಾಯಿತೆಂದುಕೊಂಡು ಅವಳ ಹತ್ತಿರ ಓಡಿದೆ.

“ಈಗ್ಲೇ ಒಂದ್ ಅರ್ಜಿ ಬರೀತೀನಿ ಅತ್ತೆ. ಇಳಿಸ್ತೀನಿ ಇದನ್ನ.”

“ಬ್ಯಾಡ ಕಣ್ಲಾ. ಇರ್ಲಿ. ಊರೋರೆಲ್ಲ ನೋಡ್ಲಿ. ಆ ಸೋರೋ ಮನೇಲೂ ಎಂಗಿದ್ಳು ಅಂತ ಗೊತ್ತಾಗ್ಲಿ.”

ಮಾರನೇ ದಿನ ಎಂದಿನಂತೆ ಫ್ಲೆಕ್ಸು ಬಿಚ್ಚಿಸಿ ತಂದಳು. ಈಗ ಸೋರುವುದಿಲ್ಲವಲ್ಲ, ಇನ್ನೇಕೆ ಎಂದು ಕೇಳಿದರೆ ನನ್ನ ಅಂಗಡಿಯ ಕತ್ತರಿ ಒಯ್ದಳು. ನಟ್ಟನಡುವೆ ಎರಡು ಭಾಗ ಮಾಡಿದಳು. ‘ನಂತರ’ ಖಾಲಾ ಮನೆಯ ನೀರಿನ ಮೋಟರಿಗೆ ಹೊದಿಕೆಯಾಯಿತು. ‘ಮೊದಲು’ ಅವಳ ಹೊಸ ಮನೆಯೊಳಗಿನ ಬ್ಲಾಕಿನ ಗೋಡೆಗೆ ಹೋಯಿತು. ಮೊಳೆ ಹೊಡೆದವನು ನಾನು. ಅಭ್ಯಾಸಬಲದಿಂದ ಬಿಳಿ ಮಗ್ಗುಲು ಹೊರಗೆ ಮಾಡಿದ್ದೆ. ಬೈದು ತಿರುಗಿಸಿ ಹಾಕಿಸಿದಳು.

ಆ ವಾರ ಮಳೆ ಬಂತು. ಆರು ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಅತ್ತೆ ಆ ಚಿತ್ರದ ಕೆಳಗೆ ಗೋಡೆಗೆ ಒರಗಿ ಕೂತು ಹೂವು ಕಟ್ಟುತ್ತಿದ್ದಳು. ಗುಡಿಸಿದ ನೆಲದ ಮೇಲೆ ಮಲ್ಲಿಗೆ ಹರಡಿತ್ತು. “ಸೋಪಾ ಚೆನ್ನಾಗ್ ಕಾಣ್ತೈತಲ್ವೇನ್ಲಾ?” ಎಂದು ಕೇಳಿದಳು. ಚೆನ್ನಾಗಿ ಕಾಣ್ತಿದೆ ಅತ್ತೆ ಎಂದೆ. ತಪ್ಪಾಯಿತು ಎಂದೂ ಹೇಳಿದೆ, ಆ ಮಸಿ ಬಟ್ಟೆಯದು. ಅವಳು ಹೂವಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿ ಜೋಡಿಸಿಕೊಡು ಎಂದಳು. ಮಳೆ ಜೋರಾಯಿತು. ಅತ್ತೆ ಒಮ್ಮೆ ತಲೆಯೆತ್ತಿ ತಾರಸಿ ನೋಡಿದಳು, ಎದ್ದೇಳಲಿಲ್ಲ.